ಮೆಕ್ಸಿಕೊದ ‘ಪೀಸೋ’ಗೆ ಕನ್ನಡದಲ್ಲಿ ಏನನ್ನೋಣ: ಹಫ್ತಾನಾ, ನೆಲಬಾಡಿಗೆನಾ?

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೊದ ಮಿಚೊವಾಕಾನ್ ರಾಜ್ಯದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಡ್ರಗ್ಸ್ ಗ್ಯಾಂಗುಗಳು, ಅವುಗಳ ಬೆನ್ನು ಹತ್ತಿದ ಸೇನೆ, ನಡುವೆ ಸಿಕ್ಕಿಬಿದ್ದ ನಿಂಬೆ ಬೆಳೆಗಾರರು, ಇದೇ ವಿಷಯ. ಕಾರ್ಟೆಲ್, ಗ್ಯಾಂಗ್ ಇವನ್ನೆಲ್ಲ ಹಾಗೇ ಬಿಟ್ಟರೂ ನಡೆಯುತ್ತೆ. ಸಿಕಾರಿಯೋ ಅನ್ನುವವನನ್ನು ‘ಸುಪಾರಿ ಹಂತಕ’ ಅಂದುಬಿಡಬಹುದು. ಅಲ್ಲಿ ಎಷ್ಟೋ ಜನಕ್ಕೆ ಒಂದೊಂದು ಕೊಲೆಗೆ ಸುಪಾರಿ ಅಲ್ಲ, ಗ್ಯಾಂಗಿನಲ್ಲಿ ಸಂಬಳ. ಆ ವ್ಯತ್ಯಾಸ ಬಿಟ್ಟರೂ ಅರ್ಥ ಕೆಡುವುದಿಲ್ಲ. ನಾನು ಸಿಕ್ಕಿಕೊಂಡಿರುವುದು ಪೀಸೋ ಮತ್ತು ಪ್ಲಾಸಾ ಎಂಬ ಎರಡು ಪದಗಳಲ್ಲಿ.

ಸ್ಪ್ಯಾನಿಷ್‌ನಲ್ಲಿ ಪೀಸೋ ಅಂದರೆ ನೆಲ (ಅಲ್ಲಿನ ದುಡ್ಡು ‘ಪೆಸೊ’ ಬೇರೆ). ‘ಕೋಬ್ರೋ ದೆ ಪೀಸೋ’ ಅಂದರೆ ನೆಲದ ಹೆಸರಲ್ಲಿ ಮಾಡುವ ವಸೂಲಿ. ಮೊದಲು ಇದು ಕಳ್ಳಸಾಗಣೆಯವರ ಒಳಗಿನ ಲೆಕ್ಕ. ನಿನ್ನ ಮಾಲು ನಮ್ಮೂರ ಮೇಲೆ ಹೋಗಬೇಕಾ, ಇಷ್ಟು ಇಟ್ಟು ಹೋಗು. ಆಮೇಲೆ ಅದು ಡ್ರಗ್ಸ್ ಕಣ್ಣಲ್ಲಿ ಕಾಣದವರ ತಲೆಗೂ ಬಂತು. ಟೋರ್ಟಿಯಾ ಅಂಗಡಿಯವರು, ಬಸ್ಸಿನವರು, ಉರುವಾಪಾನ್ ಸುತ್ತಿನ ಬಟರ್ ಫ್ರೂಟ್ ತೋಟದವರು, ಅಪಾತ್ಸಿಂಗಾನ್ ಕಡೆಯ ನಿಂಬೆ ಬೆಳೆಗಾರರು ಎಲ್ಲರೂ ಕಟ್ಟಬೇಕು. ನಿಂಬೆಗೆ ಕಿಲೋ ಲೆಕ್ಕ. ಬೆಳೆದವನೂ ಕೊಡಬೇಕು, ಪ್ಯಾಕ್ ಮಾಡುವವನೂ ಕೊಡಬೇಕು. 2024ರ ಆಗಸ್ಟ್‌ನಲ್ಲಿ ಈ ಕಾಟ ತಾಳಲಾರದೆ ಎಷ್ಟೋ ಪ್ಯಾಕಿಂಗ್ ಶೆಡ್‌ಗಳು ಬಾಗಿಲು ಹಾಕಿದ್ದವು.

ಬಾಯಿಬಿಟ್ಟರೆ ಜೀವಕ್ಕೇ ಬರುತ್ತೆ. ನಿಂಬೆ ಬೆಳೆಗಾರರ ಮುಖಂಡ ಬೆರ್ನಾರ್ದೊ ಬ್ರಾವೊ ಈ ವಸೂಲಿಯ ವಿರುದ್ಧ ಬಹಿರಂಗವಾಗಿ ಮಾತಾಡುತ್ತಿದ್ದವರು. 2025ರ ಅಕ್ಟೋಬರ್‌ನಲ್ಲಿ ಅವರ ಕೊಲೆಯಾಯಿತು. ಎರಡು ವಾರ ಕಳೆಯುವ ಮೊದಲೇ, ನವೆಂಬರ್ 1ರಂದು, ಉರುವಾಪಾನ್ ಮೇಯರ್ ಕಾರ್ಲೋಸ್ ಮಾನ್ಸೊ ಅವರಿಗೆ ಗುಂಡಿಕ್ಕಿದರು. ಸತ್ತವರ ಹಬ್ಬಕ್ಕೆ ನೆರೆದ ಜನರ ಕಣ್ಣೆದುರೇ, ಊರ ನಡುವಿನ ಚೌಕದಲ್ಲಿ. ಅವರಿಗೆ ನ್ಯಾಷನಲ್ ಗಾರ್ಡ್ ಕಾವಲು ಬೇರೆ ಇತ್ತು.

ಅಂಥ ಚೌಕಕ್ಕೆ ಸ್ಪ್ಯಾನಿಷ್‌ನಲ್ಲಿ ಪ್ಲಾಸಾ ಅಂತಾರೆ. ಗ್ಯಾಂಗುಗಳ ಬಾಯಲ್ಲಿ ಅದರ ಅರ್ಥವೇ ಬೇರೆ. ‘ಏರಿಯಾ’ ಅನ್ನೋಣ ಅಂತ ಮೊದಲು ಹೊಳೆಯಿತು, ಬೆಂಗಳೂರಿನ ರೌಡಿಗಳು ಹೇಳೋದೂ ಅದನ್ನೇ ಅಲ್ವಾ? ಆದರೆ ಏರಿಯಾ ಅಂದರೆ ಮಚ್ಚು ತೋರಿಸಿ ಹಿಡಿದ ಜಾಗ. ಪ್ಲಾಸಾ ಹಾಗೆ ಹುಟ್ಟಿದ್ದಲ್ಲ. ಪಿಆರ್‌ಐ ಪಕ್ಷವೊಂದೇ ದಶಕಗಟ್ಟಲೆ ಆಳುತ್ತಿದ್ದ ಕಾಲದಲ್ಲಿ, ಪೊಲೀಸ್ ಮತ್ತು ಸೇನೆಯ ದೊಡ್ಡವರಿಗೆ ದುಡ್ಡು ಕಟ್ಟಿ ಒಂದು ಊರಿನ ದಂಧೆ ನಡೆಸುವ ಹಕ್ಕು ಪಡೆಯುತ್ತಿದ್ದರು. ಆ ಹಕ್ಕೇ ಪ್ಲಾಸಾ. ನಮ್ಮಲ್ಲಿ ಹೆಂಡದ ಗುತ್ತಿಗೆ ಹಿಡಿಯುತ್ತಿದ್ದರಲ್ಲ, ಹಾಗೆ. ಏರಿಯಾ ಅಂತ ಬರೆದರೆ ಕೊಟ್ಟವನು ಮಾಯ, ಹಿಡಿದವನು ಮಾತ್ರ ಉಳಿಯುತ್ತಾನೆ.

ಇದು ಸುಮ್ನೆ ಪದದ ಹಟವಲ್ಲ. 2006ರ ಡಿಸೆಂಬರ್ 11ರಂದು ಅಧ್ಯಕ್ಷ ಫೆಲಿಪೆ ಕಾಲ್ದೆರಾನ್ ತಮ್ಮ ತವರು ರಾಜ್ಯವಾದ ಮಿಚೊವಾಕಾನ್‌ಗೇ ಸುಮಾರು 6,500 ಸೈನಿಕರನ್ನೂ ಪೊಲೀಸರನ್ನೂ ಕಳಿಸಿದರು. ಆಗಿನಿಂದ ಗ್ಯಾಂಗುಗಳ ಮುಖಂಡರನ್ನು ಒಬ್ಬೊಬ್ಬರನ್ನಾಗಿ ಹಿಡಿಯುವುದು, ಕೊಲ್ಲುವುದು ನಡೆದೇ ಇದೆ. ಗುತ್ತಿಗೆದಾರ ಹೋದ, ಗುತ್ತಿಗೆ ಹೋಗಲಿಲ್ಲ. ‘ಲಾ ಫಮಿಲಿಯಾ’ ಗ್ಯಾಂಗು ಒಡೆದು ‘ಟೆಂಪ್ಲಾರಿಯೋ’ಗಳು ಬಂದರು, ಅವರ ಬೆನ್ನಿಗೆ ಹಲಿಸ್ಕೊ ಗ್ಯಾಂಗು ಮತ್ತು ಹತ್ತಾರು ಚಿಲ್ಲರೆ ಗುಂಪುಗಳು. 2013ರ ಫೆಬ್ರವರಿಯಲ್ಲಿ ಲಾ ರುವಾನಾ ಊರಿನ ನಿಂಬೆ ಬೆಳೆಗಾರ ಇಪೊಲಿತೊ ಮೋರಾ ಮತ್ತು ಜೊತೆಗಾರರು ತಾವೇ ಬಂದೂಕು ಹಿಡಿದರು. ಮರುವರ್ಷ ಸರ್ಕಾರ ಅಂಥವರಿಗೆ ಸಮವಸ್ತ್ರ ಕೊಟ್ಟು ಗ್ರಾಮೀಣ ಪಡೆ ಅಂದಿತು. 2023ರ ಜೂನ್‌ನಲ್ಲಿ ಮೋರಾ ಅವರನ್ನೂ ಕೊಂದರು. ‘ಏರಿಯಾ’, ‘ಹಫ್ತಾ’ ಅಂತ ಬರೆದು ಕೈತೊಳೆದುಕೊಂಡರೆ ಓದುಗರು ಕೇಳಿಯೇ ಕೇಳುತ್ತಾರೆ: ನಾಲ್ಕು ರೌಡಿಗಳನ್ನು ಮಟ್ಟಹಾಕೋಕೆ ಇಷ್ಟು ವರ್ಷ ಯಾಕೆ?

ಪೀಸೋ ವಿಷಯಕ್ಕೆ ಬರೋಣ. ನಮ್ಮಲ್ಲಿ ಪದಗಳಿಗೇನು ಬರವಿಲ್ಲ. ಮಾಮೂಲು ಇದೆ, ಅದು ಹೆಚ್ಚಾಗಿ ಅಧಿಕಾರಿಗೆ ಹೋಗುವ ಕಾಸು. ರೋಲ್ ಕಾಲ್ ಇದೆ, ಅದರಲ್ಲಿ ಬೆದರಿಕೆಯೇ ಜಾಸ್ತಿ, ಪತ್ರಿಕೆ ತೋರಿಸಿ ದುಡ್ಡು ಕೀಳುವವರಿಗೂ ಅಂಟಿಕೊಂಡಿದೆ. ಹಫ್ತಾ ಎಲ್ಲರಿಗೂ ಗೊತ್ತು. ಆದರೆ ಮೂರರಲ್ಲೂ ನೆಲ ಇಲ್ಲ. ವಾರದ ಸಂತೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವವರ ಹತ್ತಿರ ರಸೀದಿ ಪುಸ್ತಕ ಹಿಡಿದು ಬರುವವನು ಕೇಳುವುದು ನೆಲಬಾಡಿಗೆ. ಮೆಕ್ಸಿಕೊದಲ್ಲೂ ಬೀದಿ ವ್ಯಾಪಾರಿಗಳು ಪುರಸಭೆಗೆ ಕಟ್ಟುವ ಹಣಕ್ಕೆ ಪೀಸೋ ಎಂಬ ಮಾತು ಇದೆ. ಗ್ಯಾಂಗುಗಳು ಸರ್ಕಾರದ ಪದವನ್ನೇ ಎತ್ತಿಕೊಂಡು, ಸರ್ಕಾರದ ಗತ್ತಿನಲ್ಲೇ ವಸೂಲಿ ಮಾಡುತ್ತಿವೆ. ಅದಕ್ಕೇ ನನ್ನ ಒಲವು ನೆಲಬಾಡಿಗೆ ಕಡೆಗೆ. ಬಾಡಿಗೆ ಅಂದರೆ ತೀರಾ ಸಾಧುವಾಗಿ ಕೇಳುತ್ತೆ ಅಂತ ಗೆಳತಿಯೊಬ್ಬಳ ತಕರಾರು. ಕೊಲ್ಲುವವರೂ ಸಾಧು ಪದವನ್ನೇ ಆರಿಸಿಕೊಂಡಿದ್ದಾರೆ ಅನ್ನೋದು ನನ್ನ ವಾದ.

ಧಾರವಾಡ, ಬೆಳಗಾವಿ ಕಡೆಯವರನ್ನು ಕೇಳಬೇಕು: ಸಂತೆಯ ವಸೂಲಿಗೆ ನಿಮ್ಮಲ್ಲಿ ಈಗಲೂ ‘ಜಕಾತಿ’ ಅಂತಲೇ ಅಂತಾರಾ? ಹಳೇ ಮೈಸೂರಿನವರಿಗೆ ಅದು ಅರ್ಥವಾಗುತ್ತಾ, ಇಲ್ಲಾ ‘ಸುಂಕ’ವೇ ವಾಸಿಯಾ? ಇನ್ನು ಪ್ಲಾಸಾ ಹಿಡಿದವನಿಗೆ ‘ಗುತ್ತಿಗೆದಾರ’ ಅಂದರೆ ರಸ್ತೆ ಕೆಲಸದವನು ಅಂದುಕೊಳ್ಳುವ ಭಯ ನನಗಿದೆ. ‘ಇಜಾರದಾರ’ ಅನ್ನೋದು ತೀರಾ ಹಳೆಯದಾಯಿತಾ? ‘ಪಾಳೇಗಾರ’ ಅಂತ ಮಾತ್ರ ಯಾರೂ ಸೂಚಿಸಬೇಡಿ, ನಮ್ಮ ಚಿತ್ರದುರ್ಗದವರು ನನ್ನನ್ನು ಬಿಡೋದಿಲ್ಲ.