ನನ್ನ 400 ಶೇರಿನ ಓಟಿಗೆ ಬೆಲೆ ಇದೆಯಾ?

ಪ್ರಶ್ನೆ (ಡೊಂಬಿವಲಿಯಿಂದ): ಮೇಡಂ, ನಾನು ಬ್ಯಾಂಕಿನಿಂದ ರಿಟೈರ್ ಆದವನು. ಒಂದು ಲಿಸ್ಟೆಡ್ ಕಂಪನಿಯಲ್ಲಿ 400 ಶೇರು ಇವೆ. ಮೊನ್ನೆ ಎಜಿಎಂ (ಶೇರುದಾರರ ವಾರ್ಷಿಕ ಸಭೆ) ನೋಟಿಸ್ ಬಂತು. ಪ್ರಮೋಟರ (ಕಂಪನಿಯ ಹಿಡಿತ ಇರುವವರ) ಮಗನ ಕಂಪನಿಯಿಂದ ಪುಣೆ ಹತ್ತಿರ ಒಂದು ಜಾಗ ಕೊಳ್ಳಲು ನಮ್ಮ ಒಪ್ಪಿಗೆ ಕೇಳಿದ್ದಾರೆ. ಬೋರ್ಡಿನಲ್ಲಿ ದೊಡ್ಡ ದೊಡ್ಡವರಿದ್ದಾರೆ, ಅವರೆಲ್ಲ ಒಪ್ಪಿಯಾಗಿದೆ. 62% ಶೇರು ಆ ಮನೆಯವರದ್ದೇ. ನಾನು ಓಟು ಹಾಕಿ ಏನು ಪ್ರಯೋಜನ?

ಉತ್ತರ (ಕಂಪನಿ ಸೆಕ್ರೆಟರಿ, ಅಂಧೇರಿ): ಸರ್, ದಯವಿಟ್ಟು ಹಾಕಿ. ಬೇರೆ ಠರಾವು ಬಿಟ್ಟರೂ ಇದನ್ನು ಬಿಡಬೇಡಿ.

ಇದಕ್ಕೆ ನಾವು ರಿಲೇಟೆಡ್ ಪಾರ್ಟಿ ವ್ಯವಹಾರ ಅನ್ನುತ್ತೇವೆ, ಅಂದರೆ ಕಂಪನಿಗೆ ಸಂಬಂಧಪಟ್ಟವರ ಜೊತೆಗಿನ ವ್ಯವಹಾರ. ಮೊತ್ತ ಶೇರುಪೇಟೆಯ ನಿಯಂತ್ರಕ ಸೆಬಿ ಹಾಕಿದ ಮಿತಿ ದಾಟಿದರೆ ಶೇರುದಾರರನ್ನು ಕೇಳಲೇಬೇಕು. ಆಗ ಸಂಬಂಧಪಟ್ಟವರು ಯಾರೂ ಠರಾವಿನ ಪರವಾಗಿ ಓಟು ಹಾಕುವಂತಿಲ್ಲ. ಅಂದರೆ ನೀವು ಹೆದರಿದ ಆ 62% ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತೀರ್ಮಾನ ಉಳಿದ 38% ಶೇರಿನವರದ್ದು. ಅದರಲ್ಲೂ ಎಣಿಸುವುದು ಹಾಕಿದ ಓಟನ್ನು ಮಾತ್ರ. ಸುಮ್ನೆ ಕೂತವರ ಶೇರು ಲೆಕ್ಕಕ್ಕಿಲ್ಲ. ನಿಮ್ಮ 400 ಈಗ ಮೊದಲಿನಷ್ಟು ಚಿಕ್ಕದಾಗಿ ಕಾಣುವುದಿಲ್ಲ, ಅಲ್ವಾ?

ಇನ್ನು ಬೋರ್ಡಿನ ದೊಡ್ಡವರ ಮಾತು. ಐಟಿ ಕಂಪನಿ ಸತ್ಯಂನ ಬೋರ್ಡಿನಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಮಾಜಿ ಕ್ಯಾಬಿನೆಟ್ ಕಾರ್ಯದರ್ಶಿ ಇದ್ದರು. 2008ರ ಡಿಸೆಂಬರಿನಲ್ಲಿ ಸತ್ಯಂ ಸ್ಥಾಪಕ ರಾಮಲಿಂಗ ರಾಜು ಅವರ ಮಕ್ಕಳ ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಆ ಬೋರ್ಡು ಒಪ್ಪಿತು. ಹೂಡಿಕೆದಾರರು ರೇಗಿದ್ದಕ್ಕೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟರು. 2009ರ ಜನವರಿ 7ಕ್ಕೆ ರಾಜು ಅವರೇ ಲೆಕ್ಕವೇ ಸುಳ್ಳು ಅಂತ ಪತ್ರ ಬರೆದರು. 2013ರ ಕಂಪನಿ ಕಾಯ್ದೆ ಇಷ್ಟು ಬಿಗಿಯಾಗಿದ್ದರ ಹಿಂದೆ ಆ ಪೆಟ್ಟು ಇದೆ.

ಆದರೆ ಕಾನೂನು ಕಾಗದದ ಮೇಲೆ ಬಿಗಿಯಾದರೆ ಸಾಲದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಬೋರ್ಡಿನ ಕಾಗದಗಳು ಮೀಟಿಂಗಿನ ಹಿಂದಿನ ರಾತ್ರಿ ಹೋಗುತ್ತಿದ್ದವು. ಒಬ್ಬ ಸ್ವತಂತ್ರ ನಿರ್ದೇಶಕರು (ಪ್ರಮೋಟರ ಕಡೆಯವರಲ್ಲದವರು) ಬೆಳಿಗ್ಗೆ ಬಂದು ಲಕೋಟೆ ಮೇಜಿನ ಮೇಲಿಟ್ಟರು. ಅದರ ಅಂಟು ಬಿಚ್ಚಿರಲಿಲ್ಲ. ಪ್ರಮೋಟರ ಅಳಿಯನ ಕಂಪನಿಗೆ ಕೊಟ್ಟ ಗುತ್ತಿಗೆ ಮೂರು ನಿಮಿಷಕ್ಕೆ ಪಾಸಾಯಿತು. ಮಿನಿಟ್ಸಿನಲ್ಲಿ (ಸಭೆಯ ನಡಾವಳಿಯಲ್ಲಿ) ‘ವಿವರವಾಗಿ ಚರ್ಚಿಸಿ’ ಅಂತ ನನ್ನ ಕೈಯಲ್ಲೇ ಬರೆಸಿದರು. ಆ ಎರಡು ಪದ ನನಗೆ ಇವತ್ತಿಗೂ ಚುಚ್ಚುತ್ತವೆ. ಅದಕ್ಕೇ ಹೇಳುತ್ತೇನೆ, ಬೋರ್ಡು ಕೇಳದ ಪ್ರಶ್ನೆಯನ್ನು ಶೇರುದಾರರಾದರೂ ಕೇಳಬೇಕು.

ನೋಟಿಸಿನಲ್ಲಿ ಠರಾವುಗಳ ಹಿಂದೆ ವಿವರಣೆಯ ಪುಟಗಳಿರುತ್ತವೆ. ಜಾಗಕ್ಕೆ ಬೆಲೆ ಕಟ್ಟಿದವರು ಯಾರು, ಹೇಗೆ ಕಟ್ಟಿದರು, ಈ ಜಾಗವೇ ಯಾಕೆ, ಇವಿಷ್ಟು ಅಲ್ಲಿ ಹುಡುಕಿ. ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಹಾಜರಿ ಪಟ್ಟಿಯೂ ಇರುತ್ತದೆ, ಒಮ್ಮೆ ಕಣ್ಣಾಡಿಸಿ.

ಪ್ರಶ್ನೆ (ಪುಣೆಯಿಂದ): ಅಕ್ಕಾ, ಬೇಡ ಅಂದರೂ ಠರಾವು ಪಾಸಾದರೆ? ಎಲ್ಲ ದಂಡ ಅಲ್ವಾ?

ಉತ್ತರ: ದಂಡ ಅಲ್ಲ ತಂಗಿ. ಯಾವ ಗುಂಪಿನವರು ಎಷ್ಟು ವಿರೋಧಿಸಿದರು ಅನ್ನುವುದು ಶೇರು ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. 2014ರಲ್ಲಿ ಮಾರುತಿಯ ಗುಜರಾತ್ ಕಾರ್ಖಾನೆಯನ್ನು ಅದರ ಪ್ರಮೋಟರ್ ಸುಜುಕಿಯೇ ಕಟ್ಟುತ್ತದೆ ಅಂದಾಗ ಮ್ಯೂಚುವಲ್ ಫಂಡುಗಳು ತಕರಾರು ತೆಗೆದವು. ಕಂಪನಿ ಷರತ್ತು ಬದಲಿಸಿತು, ಸುಜುಕಿ ಬಿಟ್ಟು ಉಳಿದ ಶೇರುದಾರರ ಒಪ್ಪಿಗೆ ಕೇಳಿತು. 2015ರ ಡಿಸೆಂಬರಿನಲ್ಲಿ ಅವರು ಒಪ್ಪಿದರು. ಠರಾವು ಬೀಳಲಿಲ್ಲ ನಿಜ, ಆದರೆ ಷರತ್ತು ಸುಧಾರಿಸಿತು. ನಿಮ್ಮದು ಎಸ್‌ಐಪಿ (ಮ್ಯೂಚುವಲ್ ಫಂಡಿನಲ್ಲಿ ಕಂತಿನ ಹೂಡಿಕೆ) ಇದ್ದರೆ ನಿಮ್ಮ ಫಂಡು ಯಾವ ಠರಾವಿಗೆ ಏನು ಓಟು ಹಾಕಿತು ಅಂತ ಅದರ ವೆಬ್‌ಸೈಟಿನಲ್ಲಿ ನೋಡಬಹುದು.

ಡೊಂಬಿವಲಿಯಿಂದ: ಮೇಡಂ, ಈಗ ಓದಿದೆ. ಬೆಲೆ ಕಟ್ಟಿದವರ ಹೆಸರಿದೆ. ಹೇಗೆ ಕಟ್ಟಿದರು ಅಂತ ಒಂದು ಸಾಲೂ ಇಲ್ಲ. ಈಗಲೇ ಆನ್‌ಲೈನ್ ಓಟಿನಲ್ಲಿ ‘ಬೇಡ’ ಒತ್ತಲಾ?

ಉತ್ತರ: ಒಂದೆರಡು ದಿನ ತಡೆಯಿರಿ ಸರ್. ಒಮ್ಮೆ ಒತ್ತಿದ ಓಟು ಬದಲಿಸಲು ಬರುವುದಿಲ್ಲ. ನೋಟಿಸಿನಲ್ಲಿ ಕಂಪನಿ ಸೆಕ್ರೆಟರಿಯ ಮೇಲ್ ಐಡಿ ಇರುತ್ತದೆ, ಮೌಲ್ಯಮಾಪನ ವರದಿ ಕೇಳಿ ಬರೆಯಿರಿ. ಉತ್ತರ ಬಾರದಿದ್ದರೆ, ಹಾರಿಕೆ ಉತ್ತರ ಬಂದರೂ, ‘ಬೇಡ’ ಒತ್ತಿ. ಮೀಟಿಂಗಿನ ಹಿಂದಿನ ದಿನ ಸಂಜೆ 5ಕ್ಕೆ ಇ-ವೋಟಿಂಗ್ ಮುಚ್ಚುತ್ತದೆ, ಮರೆಯಬೇಡಿ.