ಕ್ವಾಂಟಮ್ ಯೀಲ್ಡ್‌ಗೆ ± ಎಷ್ಟು ಬರೀಬೇಕು?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ)
ಎಥನಾಲ್‌ನಲ್ಲಿ ಕರಗಿಸಿದ ಒಂದು ಡೈಯ ಕ್ವಾಂಟಮ್ ಯೀಲ್ಡ್ (ಹೀರಿದ ಬೆಳಕಿನ ಕಣಗಳಲ್ಲಿ ಎಷ್ಟು ಪಾಲು ಮತ್ತೆ ಹೊಳಪಾಗಿ ಹೊರಬರುತ್ತೆ ಅನ್ನೋದು) ಅಳೆಯುತ್ತಿದ್ದೇನೆ. ಹೋಲಿಕೆಗೆ ಯೀಲ್ಡ್ ಮೊದಲೇ ಗೊತ್ತಿರುವ ಕ್ವಿನೈನ್ ಸಲ್ಫೇಟ್, ಎಕ್ಸೈಟೇಶನ್ (ಹಾಯಿಸುವ ಬೆಳಕು) 350 ನ್ಯಾನೋಮೀಟರ್. ಅದೇ ಕ್ಯುವೆಟ್ (ದ್ರಾವಣ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ) ಇಟ್ಟು ಹತ್ತು ಸಲ ಸ್ಕ್ಯಾನ್ ಮಾಡಿದರೂ ವ್ಯತ್ಯಾಸ ಶೇ. 0.5 ದಾಟಲಿಲ್ಲ. ಹಾಗಾಗಿ 0.42 ± 0.002 ಅಂತ ಬರೆದೆ. ಮರುದಿನ ಡೈಯ ಹೊಸ ದ್ರಾವಣ ಮಾಡಿದರೆ 0.45 ಬಂತು! ಎಲ್ಲಿ ತಪ್ಪಿದೆ?

ಉತ್ತರ 1 (ಹತ್ತು ವರ್ಷದಿಂದ ಲ್ಯಾಬ್‌ನಲ್ಲಿ)
ಒಂದೇ ಸೌಟಿನ ಸಾರನ್ನು ಹತ್ತು ಸಲ ರುಚಿ ನೋಡಿದರೆ, ಉಪ್ಪು ಹಾಕುವ ಕೈ ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಅಂತ ಗೊತ್ತಾಗಲ್ಲ ಅಲ್ವಾ? ನಿಮ್ಮ ಶೇ. 0.5 ಬರೀ ಲ್ಯಾಂಪ್ ಮತ್ತು ಡಿಟೆಕ್ಟರ್‌ನ ಏರಿಳಿತ. ದ್ರಾವಣ ಮಾಡುವಾಗಿನದ್ದು ಅದರಲ್ಲಿ ಬರಲೇ ಇಲ್ಲ.

ನನ್ನ ಅನುಮಾನ ಅಬ್ಸಾರ್ಬೆನ್ಸ್ ಮೇಲೆ, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತೆ ಅನ್ನೋ ಅಳತೆ; ಡೈಯ ಯೀಲ್ಡ್ ಲೆಕ್ಕದಲ್ಲಿ ಅದರ ಹೊಳಪನ್ನು ಇದರಿಂದಲೇ ಭಾಗಿಸೋದು. 0.05ರಲ್ಲಿ ± 0.002 ಅಂದರೇನೇ ಶೇ. 4. ಡೈಗೂ ಅಷ್ಟು, ಕ್ವಿನೈನ್‌ಗೂ ಅಷ್ಟು. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಶೇ. 5.7 ಆಯಿತು.

ಒಮ್ಮೆ ನನ್ನ 0.052 ಇದ್ದಕ್ಕಿದ್ದಂತೆ 0.058 ಆಗಿತ್ತು. ಕ್ಯುವೆಟ್ಟನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಬೆಳಕು ಹಾಯುವ ಕಡೆಯೇ ನನ್ನ ಹೆಬ್ಬೆಟ್ಟಿನ ಗುರುತು! ಅವತ್ತಿಂದ ಡೈ ಬೆಳಕು ಹೀರದ ಜಾಗದಲ್ಲೂ, ಉದಾಹರಣೆಗೆ 600 ನ್ಯಾನೋಮೀಟರ್‌ನಲ್ಲಿ, ರೀಡಿಂಗ್ ನೋಡುತ್ತೇನೆ. ಅಲ್ಲಿ ಸೊನ್ನೆ ಇರಬೇಕು.

0.02ರಿಂದ 0.1ರೊಳಗೆ ಐದು ದ್ರಾವಣ ಮಾಡಿ, ಅಬ್ಸಾರ್ಬೆನ್ಸ್‌ಗೆ ಎದುರಾಗಿ ಹೊಳಪಿನ ಸ್ಪೆಕ್ಟ್ರಮ್ ಕೆಳಗಿನ ಏರಿಯಾ ಗ್ರಾಫ್ ಹಾಕಿ, ಇಳಿಜಾರು ತಗೊಳ್ಳಿ. 0.1ರ ಹತ್ತಿರ ಗೆರೆ ಬಾಗುತ್ತೆ. ಯಾಕಂದ್ರೆ 1 ಸೆಂಟಿಮೀಟರ್ ಕ್ಯುವೆಟ್‌ನ ನಡುಭಾಗ ಮುಟ್ಟುವಷ್ಟರಲ್ಲೇ ಶೇ. 11ರಷ್ಟು ಬೆಳಕು ಹೀರಿಹೋಗಿರುತ್ತೆ. ಇಷ್ಟನ್ನೂ ತೂಕದಿಂದ ಶುರುಮಾಡಿ ಮೂರು ದಿನ ಮಾಡಿ. ಆ ಮೂರು ಉತ್ತರಗಳ ನಡುವಿನ ಅಂತರವೇ ನಿಮ್ಮ ಕೆಲಸದ ನಿಜವಾದ ಏರಿಳಿತ.

ಉತ್ತರ 2
ಕ್ವಿನೈನ್‌ನ ಗೊತ್ತಿರುವ ಯೀಲ್ಡ್ 0.54ಕ್ಕೂ ತನ್ನದೇ ಅನಿಶ್ಚಿತತೆ ಇದೆ, ಅದನ್ನೂ ಸೇರಿಸಿ. ಕ್ವಿನೈನ್ ಕರಗಿಸಿದ ಆಸಿಡ್ ಸಲ್ಫ್ಯೂರಿಕ್ಕೇ ತಾನೇ? ಹೈಡ್ರೋಕ್ಲೋರಿಕ್ ಆದರೆ ಕ್ಲೋರೈಡ್ ಹೊಳಪನ್ನೇ ತಗ್ಗಿಸುತ್ತೆ. ಎಥನಾಲ್, ನೀರಿನ ವಕ್ರೀಭವನದ ತಿದ್ದುಪಡಿ ಹಾಕದೆ ಬಿಟ್ಟರೆ ಇನ್ನೊಂದು ಶೇ. 4 ಹೋಯಿತು.

ಪ್ರಶ್ನೆ ಕೇಳಿದವರು
ಸಲ್ಫ್ಯೂರಿಕ್ಕೇ, ತಿದ್ದುಪಡಿಯೂ ಹಾಕಿದ್ದೆ. ಆದರೆ ಸರ್, ಮೊದಲ ದಿನದ ಫೈಲ್ ತೆಗೆದು ನೋಡಿದೆ. ಡೈಯ ಕ್ಯುವೆಟ್‌ನಲ್ಲಿ 600ರಲ್ಲಿ 0.004 ಇದೆ! 350ರಲ್ಲಿ 0.048 ಇತ್ತು. ಅದನ್ನು ಕಳೆದರೆ 0.42 ಇದ್ದದ್ದು 0.46ರ ಹತ್ತಿರ ಬರುತ್ತೆ. ಅದೊಂದೇ ಕಾರಣ ಅಂತ ಈಗಲೇ ಹೇಳಲ್ಲ. ± 0.002 ಅಳಿಸಿದ್ದೇನೆ. ಸೋಮವಾರ ತೂಕದಿಂದಲೇ ಶುರು.