ತಾರಸಿಯ ಕೊತ್ತಂಬರಿ ಬೇಗ ಹೂವಾಗುತ್ತಿದೆ, ಕರಿಬೇವು ಹಳದಿಯಾಗುತ್ತಿದೆ

ಪ್ರಶ್ನೆ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯ ಮೇಲೆ ದಿನವಿಡೀ ಬಿಸಿಲು ಬೀಳುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿದ್ದ ಕೊತ್ತಂಬರಿ ಬೀಜವನ್ನೇ ಮಾರ್ಚ್ ತಿಂಗಳಲ್ಲಿ ಕುಂಡಕ್ಕೆ ಹಾಕಿದ್ದೆ; ಅರ್ಧದಷ್ಟು ಮೊಳೆಯಲೇ ಇಲ್ಲ, ಮೊಳೆತವು ಗೇಣುದ್ದವಾಗುವ ಮೊದಲೇ ಹೂ ಬಿಟ್ಟವು. ಕರಿಬೇವಿನ ಸಸಿಯನ್ನು ತಂದು ಎರಡು ವರ್ಷಗಳಾದರೂ ಅದು ಮೊಣಕಾಲೆತ್ತರ ದಾಟಿಲ್ಲ, ಅದರ ಚಿಗುರೆಲೆಗಳಲ್ಲಿ ನರಗಳು ಮಾತ್ರ ಹಸಿರಾಗಿದ್ದು ಉಳಿದ ಭಾಗವೆಲ್ಲ ಹಳದಿಯಾಗುತ್ತಿದೆ. ಹುಳಿ ಮಜ್ಜಿಗೆ ಹಾಕಬೇಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹಾಕಬಹುದೇ?

ಉತ್ತರ 1 (ಮೈಸೂರು):
ಕೊತ್ತಂಬರಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಾವು ಬೀಜವೆನ್ನುವ ಆ ಗುಂಡು ಕಾಳು ವಾಸ್ತವದಲ್ಲಿ ಎರಡು ಬೀಜಗಳು ಕೂಡಿರುವ ಕಾಯಿ; ಆದ್ದರಿಂದ ಅದನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳಾಗಿಸಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಸುಮಾರು 10 ದಿನಗಳಲ್ಲಿ ಮೊಳಕೆ ಕಾಣಿಸುತ್ತದೆ. ಡಬ್ಬಿಯಲ್ಲಿ ಬಹುಕಾಲ ಇದ್ದ ಬೀಜವನ್ನು ನಂಬಬೇಡಿ. ಬೇಗ ಹೂ ಬಿಡುವುದಕ್ಕೆ ಬೇಸಿಗೆಯ ಕಾವೇ ಕಾರಣ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೆಳಗಿನ ಬಿಸಿಲು ಮಾತ್ರ ತಾಗುವಲ್ಲಿ ಕುಂಡವನ್ನಿಟ್ಟು, ಎರಡು ಮೂರು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತಿರಿ. ಇದರದ್ದು ತಾಯಿಬೇರಾದ್ದರಿಂದ ಕಿತ್ತು ನೆಡುವ ಗೋಜಿಗೆ ಹೋಗಬೇಡಿ.

ಉತ್ತರ 2 (ಧಾರವಾಡ):
ನೀವು ವಿವರಿಸಿರುವುದು ಕಬ್ಬಿಣದ ಕೊರತೆಯ ಲಕ್ಷಣ. ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತಿದ್ದರೆ ಮಣ್ಣು ಕ್ಷಾರವಾಗಿ, ಕಬ್ಬಿಣವು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಮಜ್ಜಿಗೆಯ ಹುಳಿ ಇದನ್ನು ಒಂದಿಷ್ಟು ತಗ್ಗಿಸುತ್ತದೆ, ಹಾಗಾಗಿ ಅತ್ತೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಉಪ್ಪಿಲ್ಲದ ಮಜ್ಜಿಗೆಯನ್ನು ಚೆನ್ನಾಗಿ ನೀರು ಬೆರೆಸಿ, ತಿಂಗಳಿಗೊಂದೆರಡು ಬಾರಿಯಷ್ಟೇ ಹಾಕಿ, ಇಲ್ಲವಾದರೆ ಇರುವೆ ಮತ್ತು ವಾಸನೆಯ ಕಾಟ ತಪ್ಪದು. ಮೊದಲು ಗಿಡವನ್ನು 14 ಅಂಗುಲದ ಕುಂಡಕ್ಕೆ ವರ್ಗಾಯಿಸಿ, ತುದಿ ಚಿವುಟಿ, ಎಲೆಗಳನ್ನು ಬಿಡಿಬಿಡಿಯಾಗಿ ಕೀಳದೆ ಕಡ್ಡಿಸಮೇತ ಕೊಯ್ಯಿರಿ. ಹೂಗೊಂಚಲು ಬಂದರೆ ಮುಲಾಜಿಲ್ಲದೆ ತೆಗೆಯಿರಿ. ಹೊಸ ಸಸಿ ತರುವುದಾದರೆ, ಇಲ್ಲಿಯ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯೂಡಿ-2 ತಳಿಯನ್ನು ಕೇಳಿ. ಡಿಡಬ್ಲ್ಯೂಡಿ-1 ಚಳಿಗಾಲದಲ್ಲಿ ಸರಿಯಾಗಿ ಚಿಗುರುವುದಿಲ್ಲ.

ಉತ್ತರ 3 (ಪುತ್ತೂರು):
ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸುವ ಮುನ್ನ ಗಮನವಿಟ್ಟು ನೋಡಿ, ಅದು ಚಿಟ್ಟೆಯ ಮರಿಹುಳುವಾಗಿರಬಹುದು. ಕರಿಬೇವು ನಿಂಬೆಯ ಕುಟುಂಬದ್ದೇ ಆದ್ದರಿಂದ ನಿಂಬೆಗೆ ಬರುವ ಹುಳು ಇದಕ್ಕೂ ಬರುತ್ತದೆ. ನಾನು ಅವಕ್ಕೆಂದೇ ಒಂದು ಹಳೆಯ ಗಿಡವನ್ನು ಬಿಟ್ಟುಕೊಟ್ಟಿದ್ದೇನೆ. ನಿಮ್ಮ ಬಿಸಿಲಿಗೆ ದೊಡ್ಡಪತ್ರೆಯೂ ಒಳ್ಳೆಯದು, ನಾವದನ್ನು ಸಾಂಬಾರಬಳ್ಳಿ ಎನ್ನುತ್ತೇವೆ. ಒಂದು ಕಡ್ಡಿ ಮುರಿದು ನೆಟ್ಟರೆ ತಂಬುಳಿಗೆ ಬರವಿರುವುದಿಲ್ಲ, ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮದು ಕೊಳವೆಬಾವಿಯ ನೀರೇ. ಕರಿಬೇವನ್ನು ಇಂದು ಕುಂಡದಿಂದ ಹೊರತೆಗೆದಾಗ ಬೇರು ಸಿಂಬಿಯಂತೆ ಸುತ್ತಿಕೊಂಡಿತ್ತು. ಸುತ್ತಿದ ಬೇರನ್ನು ಸ್ವಲ್ಪ ಕತ್ತರಿಸಿ ನೆಡಬಹುದೇ, ಅಥವಾ ಬಿಡಿಸಿದರೆ ಸಾಕೇ?

ಉತ್ತರ 2 (ಧಾರವಾಡ):
ಹೊರಸುತ್ತಿನ ಬೇರನ್ನು ಕೈಯಿಂದ ಸಡಿಲಿಸಿ, ಬಿಡಿಸಲಾಗದ್ದನ್ನು ಮಾತ್ರ ಕತ್ತರಿಸಿ. ನೆಟ್ಟ ಮೇಲೆ ಒಂದು ವಾರ ನೆರಳಿನಲ್ಲಿಡಿ.